ದಾಟುವಷ್ಟು ಹೊತ್ತು

ಚಿಪ್ಪಿನೊಳಗಿನ ಸರ್ಕ್ಯೂಟನ್ನು ಕೋಡಿನಲ್ಲಿ ಬರೆಯುವ ವೆರಿಲಾಗ್ ಭಾಷೆ ಕಲಿಯಲು ಬಂದವರಲ್ಲಿ ಐವತ್ತು ದಾಟಿದವರು ವನಮಾಲಾ ಒಬ್ಬರೇ. ಅಂದಿನ ಪಾಠ ಟ್ರಾಫಿಕ್ ಸಿಗ್ನಲ್. ಅವರು ಬರೆದ ಕೋಡನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಮೇಷ್ಟ್ರು ಜಯತೀರ್ಥ ನಕ್ಕರು.

"ಸರಿಯಾಗೇ ಇದೆ ಮೇಡಂ. ಆದ್ರೆ ನಡೆದು ದಾಟೋರಿಗೆ ಒಂದು ನಿಮಿಷ ಯಾಕೆ ಕೊಟ್ರಿ? ಅಷ್ಟು ಹೊತ್ತು ಗಾಡಿ ನಿಲ್ಲಿಸಿದ್ರೆ ಜನ ಬೈತಾರೆ. ಹದಿನೈದು ಸೆಕೆಂಡ್ ಸಾಕು."

"ನಮ್ಮನೆಯವರಿಗೆ ಸಾಕಾಗ್ಲಿಲ್ಲ ಸರ್," ಎಂದರು ವನಮಾಲಾ, ಪರದೆಯಿಂದ ಕಣ್ಣು ತೆಗೆಯದೆ. "ಸ್ಟ್ರೋಕ್ ಆದ್ಮೇಲೆ ಒಂದು ಕಾಲು ಎಳ್ಕೊಂಡು ನಡೀತಿದ್ರು. ಅರ್ಧ ರಸ್ತೆಗೆ ಬರೋ ಹೊತ್ತಿಗೆ ಬಸ್ಸಿಗೆ ಗ್ರೀನ್ ಬಂತು."

ದನಿಯಲ್ಲಿ ಅಳುವಾಗಲಿ ಸಿಟ್ಟಾಗಲಿ ಇರಲಿಲ್ಲ. ಯಾರಿಗೋ ವಿಳಾಸ ಹೇಳಿದ ಹಾಗಿತ್ತು. ಜಯತೀರ್ಥ ಅವರತ್ತ ತಿರುಗಿದರು.

"ಎಲ್ಲಿ ಮೇಡಂ ಆಗಿದ್ದು?"

"ದೊಡ್ಡಾಸ್ಪತ್ರೆ ಮುಂದೆ."

ಮೌಸ್ ಮೇಲಿದ್ದ ಜಯತೀರ್ಥರ ಕೈ ಅಲ್ಲೇ ನಿಂತಿತು. ಪಕ್ಕದ ಸಾಲಿನಲ್ಲಿ ಯಾರೋ ಕೀಬೋರ್ಡ್ ಒತ್ತುತ್ತಲೇ ಇದ್ದರು. ಜಯತೀರ್ಥ ತೀರಾ ಮೆಲ್ಲಗೆ ಹೇಳಿದರು: "ಆ ಸಿಗ್ನಲ್ ಡಿಸೈನ್ ಮಾಡಿದ್ದು ನಾನೇ ಮೇಡಂ."

"ಗೊತ್ತು ಸರ್. ಅದಕ್ಕೇ ನಿಮ್ಮ ಹತ್ರಾನೇ ಕಲಿಯೋಕೆ ಬಂದೆ."