ನಾಲ್ಕರಿಂದ ಆರು

“ಸಂಜಿ ನಾಲ್ಕರಿಂದ ಆರರ ತನಕ ಏನ್ ಮಾಡಿದ್ಲು?” ಡಾಕ್ಟರ್ ಖುರ್ಷೀದಬೇಗಂ ಕಾಗದದ ಮೇಲೆ ಬೆರಳಿಟ್ಟು ಕೇಳಿದರು.

ಮರಿಲಿಂಗ ಬಗ್ಗಿ ಕಾಗದ ನೋಡಿದ. ಪಕ್ಕದಲ್ಲಿ ಕುಳಿತ ಹೆಂಡತಿ ಭಾಗ್ಯ ನೆಲ ನೋಡುತ್ತಿದ್ದಳು.

ಅವಳಿಗಿನ್ನೂ ಇಪ್ಪತ್ತಾರು. ಸುಮ್ಮನೆ ಕುಳಿತರೂ ನಾಡಿ ನಿಮಿಷಕ್ಕೆ ನೂರಾ ಇಪ್ಪತ್ತು. ಮೂರು ತಿಂಗಳಲ್ಲಿ ಇದು ಐದನೆಯ ಸಲ ಅವನು ಅವಳನ್ನು ಹುಣಸಗಿ ಕಡೆಯ ಹಳ್ಳಿಯಿಂದ ಶಹಾಪುರದ ಈ ದವಾಖಾನೆಗೆ ಬೈಕಿನ ಮೇಲೆ ಕರೆತಂದದ್ದು. ಒಂದು ಸಲವೂ ಒಬ್ಬಳನ್ನೇ ಕಳಿಸಿರಲಿಲ್ಲ. ಎಷ್ಟು ಹೊತ್ತಿಗೆ ಮಲಗುತ್ತಾಳೆ, ಎಷ್ಟು ರೊಟ್ಟಿ ತಿನ್ನುತ್ತಾಳೆ, ತಿಂಗಳಿಗೆ ಯಾವಾಗ ಹೊರಗಾಗುತ್ತಾಳೆ, ಎಲ್ಲಕ್ಕೂ ಅವಳು ಬಾಯಿ ತೆರೆಯುವ ಮೊದಲೇ ಅವನ ಉತ್ತರ ಸಿದ್ಧವಿರುತ್ತಿತ್ತು. ಊರಲ್ಲಿಯೂ ಅವನ ಹೆಸರು ಒಳ್ಳೆಯದೇ. ಸಂತೆಗೆ ಹೋದಾಗಲೆಲ್ಲ ಹೆಂಡತಿಗೆ ಒಂದು ಡಜನ್ ಹೊಸ ಗಾಜಿನ ಬಳೆ ತರುವ ಗಂಡಸು ಎಷ್ಟು ಮಂದಿ ಇದ್ದಾರೆ?

ಡಾಕ್ಟರ್ ಒಂದೊಂದಾಗಿ ಹುಡುಕಿದ್ದರು. ಮೊದಲು ರಕ್ತ ಕಡಿಮೆಯಿದೆಯೇ ಎಂದು ನೋಡಿದರು, ಇರಲಿಲ್ಲ. ಥೈರಾಯಿಡ್ ಸರಿಯಿತ್ತು. ಜ್ವರವಿಲ್ಲ, ಬಸಿರಿಲ್ಲ. ದಮ್ಮಿನ ಗುಳಿಗೆ, ಕೆಮ್ಮಿನ ಔಷಧ, ತಂಬಾಕು ಯಾವುದೂ ಇಲ್ಲ. ಚಹಾ ಬಿಡಿಸಿದರು. ನೀರು ಹೆಚ್ಚು ಕುಡಿಯಲು ಹೇಳಿದರು. ಬಡಿತ ತಗ್ಗಿಸುವ ಅರ್ಧ ಗುಳಿಗೆ ಕೊಟ್ಟರು. ತಲೆ ತಿರುಗಿ ಎರಡು ಸಲ ಬಿದ್ದಳು, ಹಣೆಗೆ ಪೆಟ್ಟಾಯಿತು ಎಂದು ಮರಿಲಿಂಗನೇ ಬಂದು ಹೇಳಿದ. ಗುಳಿಗೆಯನ್ನೂ ನಿಲ್ಲಿಸಿದರು.

ಹೋದ ಸಲ ಎದೆಯ ಸ್ಕ್ಯಾನು ನೋಡಿ ಅವರ ಮುಖ ಗಂಭೀರವಾಗಿತ್ತು. ಗುಂಡಿಗೆ ಆಗಲೇ ದಣಿದು ಹಿಗ್ಗತೊಡಗಿತ್ತು. ಹೀಗೇ ಓಡಿದರೆ ಹೆಚ್ಚು ವರ್ಷ ತಡೆಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಎದೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿದರು. ಅದು ಒಂದು ಹಗಲು, ಒಂದು ರಾತ್ರಿ ಬಡಿತ ದಾಖಲಿಸುತ್ತದೆ. ಜೊತೆಗೆ ಒಂದು ಹಾಳೆ ಕೊಟ್ಟು, ಯಾವ ಹೊತ್ತಿಗೆ ಏನು ಮಾಡಿದೆ ಎಂದು ಬರೆದಿಡು ಅಂದರು. ಭಾಗ್ಯ ಹತ್ತನೆಯ ತರಗತಿ ಓದಿದವಳು. ಆದರೂ ಹಾಳೆಯನ್ನು ಮರಿಲಿಂಗ ತೆಗೆದುಕೊಂಡ. ಏಳಕ್ಕೆ ಕಸ. ಎಂಟಕ್ಕೆ ರೊಟ್ಟಿ. ಹನ್ನೊಂದಕ್ಕೆ ಬಟ್ಟೆ. ಒಂದೂ ಬಿಡದೆ ಬರೆದ.

ಹೊಲಕ್ಕೆ ಕಾಲುವೆ ನೀರಿನ ಪಾಳಿ ಆಗ ಅವನಿಗೆ ಸಂಜೆ ನಾಲ್ಕರಿಂದ ಆರರವರೆಗೆ. ಆ ಎರಡು ತಾಸು ಮಾತ್ರ ಹಾಳೆ ಖಾಲಿ ಉಳಿದಿತ್ತು.

“ಹಗಲೆಲ್ಲಾ ನೂರಾ ಹತ್ತರ ಮ್ಯಾಲೇ ಐತಿ. ನಿದ್ದಿಯಾಗೂ ತೊಂಬತ್ತೈದು,” ಅಂದರು ಡಾಕ್ಟರ್. “ಈ ಎರಡು ತಾಸು ಮಾತ್ರ ಎಪ್ಪತ್ತಾರು. ಆವಾಗ ಏನ್ ನಡದದೋ, ಅದೇ ಈಕಿಗೆ ಔಷಧ. ಅದನ್ನ ಹುಡುಕ್ರಿ.”

ಮತ್ತೆ ಯಂತ್ರ ಅಂಟಿಸಿ, ಈ ಸಲ ಎರಡು ದಿನ ಇರಲಿ ಎಂದು ಕಳಿಸಿದರು.

ದಾರಿಯುದ್ದಕ್ಕೂ ಮರಿಲಿಂಗನ ತಲೆಯಲ್ಲಿ ಅದೇ ಮಾತು. ತಾನಿಲ್ಲದ ಹೊತ್ತು. ತನಗೆ ಗೊತ್ತಿಲ್ಲದ ಔಷಧ. ಮನೆ ಮುಟ್ಟಿದವನೇ ಭಾಗ್ಯಳನ್ನು ಒಳಗೆ ಕಳಿಸಿ, ಪಕ್ಕದ ಮನೆಯ ಮಲ್ಲಾಬಾಯಿಯನ್ನು ವಿಚಾರಿಸಿದ. ಮುದುಕಿ ಮೊದಮೊದಲು ತನಗೇನೂ ಗೊತ್ತಿಲ್ಲವೆಂದಳು. ಬಿಡದೆ ಕೇಳಿದ ಮೇಲೆ ಗೋಡೆಯ ಕಡೆ ನೋಡುತ್ತ ಅಂದಳು: “ನೀ ಕಾಲುವಿಗೆ ಹೋದ ಮ್ಯಾಲ ಆಕಿ ಹಾಡ್ತಾಳಪ್ಪ. ಒಮ್ಮೊಮ್ಮೆ ನಗೋದೂ ಕೇಳಸ್ತದ.”

“ಯಾರ ಕೂಡ ನಗ್ತಾಳ?”

“ಅದನ್ನ ನೀನೇ ನೋಡು.”

ಮರುದಿನ ನಾಲ್ಕಕ್ಕೆ ಅವನು ಎಂದಿನಂತೆ ಬೈಕು ಹತ್ತಿದ. ಊರ ಹೊರಗೆ ಅದನ್ನು ನಿಲ್ಲಿಸಿ, ಹಿಂದಿನ ಸಂದಿಯಿಂದ ಬಂದು ಮಲ್ಲಾಬಾಯಿಯ ಮಾಳಿಗೆ ಏರಿದ. ಕೈಯಲ್ಲಿ ಸಲಿಕೆಯ ಮರದ ಕಾವಿತ್ತು. ಯಾರೇ ಬರಲಿ, ಇಬ್ಬರನ್ನೂ ಬಿಡುವುದಿಲ್ಲ ಎಂದುಕೊಂಡ. ಅಲ್ಲಿಂದ ತನ್ನ ಮನೆಯ ಅಂಗಳ ಅಂಗೈಯಂತೆ ಕಾಣುತ್ತಿತ್ತು.

ಭಾಗ್ಯ ಮುಖ ತೊಳೆದಳು. ಹೊಸ್ತಿಲ ಮೇಲೆ ಕುಳಿತು ಕೂದಲು ಬಿಚ್ಚಿ ಬಾಚಿದಳು. ಶೇಂಗಾ ಸುಲಿದಳು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಬಂದಾಗ ಅದಕ್ಕೇನೋ ಹೇಳಿ ನಕ್ಕಳು. ಬಾಗಿಲ ಕಡೆ ಯಾರೂ ಬರಲಿಲ್ಲ. ಫೋನು ಮುಟ್ಟಲಿಲ್ಲ. ಆರಕ್ಕೆ ಮರಿಲಿಂಗ ಕೆಳಗಿಳಿದ. ಬೆನ್ನು ಬಿಸಿಲಿಗೆ ಸುಟ್ಟಿತ್ತು, ಕಾವು ಹಿಡಿದ ಅಂಗೈ ಬೆವೆತಿತ್ತು.

ಎರಡು ದಿನದ ಮೇಲೆ ಮತ್ತೆ ಶಹಾಪುರ. ಹೊಸ ದಾಖಲೆಯೂ ಅದನ್ನೇ ಹೇಳಿತು: ನಾಲ್ಕರಿಂದ ಆರು, ಎಪ್ಪತ್ತನಾಲ್ಕು.

“ಏನೂ ನಡದಿಲ್ರಿ,” ಅಂದ ಮರಿಲಿಂಗ. ಧ್ವನಿಯಲ್ಲಿ ಸೋಲಿತ್ತು. “ಯಾರೂ ಬಂದಿಲ್ಲ. ಒಬ್ಬಾಕಿನೇ ಇದ್ಲು. ನಾನೇ ಕಣ್ಣಾರೆ ನೋಡೇನಿ.”

“ನೀವು ಮನ್ಯಾಗ ಇದ್ರೇನು?”

“ಇಲ್ರಿ. ಬಾಜೂ ಮಾಳಿಗಿ ಮ್ಯಾಲ ಕುಂತಿದ್ದೆ. ಆಕಿಗೆ ಗೊತ್ತಿಲ್ಲ.”

ಬರೆಯುತ್ತಿದ್ದ ಡಾಕ್ಟರರ ಪೆನ್ನು ನಿಂತಿತು. ಅವರು ಭಾಗ್ಯಳ ಬೆರಳಿಗೆ ನಾಡಿ ನೋಡುವ ಕ್ಲಿಪ್ಪು ಸಿಕ್ಕಿಸಿದರು. ಪರದೆಯ ಮೇಲೆ ನೂರಾ ಹದಿನೆಂಟು ಮೂಡಿತು. ಹಳೆಯ ಸ್ಕ್ಯಾನು ಎಲ್ಲಿದೆ ಎಂದು ಕೇಳಿದರು. ಕೆಳಗೆ, ಬೈಕಿನ ಚೀಲದಲ್ಲಿ ಎಂದ ಮರಿಲಿಂಗ.

“ತಗೊಂಡು ಬರ್ರಿ. ಗಡಿಬಿಡಿ ಇಲ್ಲ.”

ಅವನು ಒಮ್ಮೆ ಹೆಂಡತಿಯ ಕಡೆ ನೋಡಿ ಎದ್ದ. ಬಾಗಿಲು ಮುಚ್ಚಿತು. ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿದು ದೂರವಾಯಿತು. ಪರದೆಯ ಮೇಲೆ ನೂರಾ ಆರು. ಸ್ವಲ್ಪ ಹೊತ್ತಿಗೆ ತೊಂಬತ್ತೊಂದು. ಎಂಬತ್ತನಾಲ್ಕು. ಕ್ಲಿಪ್ಪು ಸಡಿಲಾಗಿರಬೇಕೆಂದು ಡಾಕ್ಟರ್ ಒತ್ತಿ ನೋಡಿದರು, ಸರಿಯಾಗಿಯೇ ಇತ್ತು. ಎಪ್ಪತ್ತೊಂಬತ್ತು.

ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿಯ ಸಪ್ಪಳ ಕೇಳಿದ್ದೇ ಅಂಕಿ ನೂರು ದಾಟಿತು. ಡಾಕ್ಟರ್ ಎದ್ದು ಹೋಗಿ ಒಳಗಿನಿಂದ ಚಿಲಕ ಹಾಕಿದರು.