ಬಾಣವಿಲ್ಲದ ನಕ್ಷೆ

ರಾತ್ರಿ ಹತ್ತೂವರೆಗೆ ದಿಂಬಿನ ಪಕ್ಕ ಫೋನು ಟಿಣ್ ಎಂದಿತು. ಕಾಲೇಜಿನ ಆಯಮ್ಮ ಕಳಿಸಿದ ದನಿ ಸಂದೇಶ: "ಮೇಡಂ, ನೀವು ಬರ್ಕೊಟ್ಟ ಹಾಗೇ ಮೇಜು ಜೋಡ್ಸಿದೀವಿ. ನೆಮ್ಮದಿಯಾಗಿ ಮಲಗಿ." ಒಳಾಂಗಣ ವಿನ್ಯಾಸ ಕಲಿಸುವ ಮೇಡಂಗೆ ನೆಮ್ಮದಿಯಾಗಿ ಮಲಗುವುದೊಂದು ಮಾತ್ರ ಬರುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದ್ದರು: "ಕೋಣೆ ಬದಲಾದ್ರೆ ಮಕ್ಕಳು ಕಲೀತಾರೆ ಅಂತೀರಲ್ಲ, ನಾಳೆ ನಾನೇ ಬಂದು ಕೂತು ನೋಡ್ತೀನಿ. ಆಗ್ಲೂ ತೂಕಡಿಸಿದ್ರೆ ಹಳೇ ಬೆಂಚುಗಳೇ ವಾಪಸ್."

ಬೆಳಿಗ್ಗೆ ಬಾಗಿಲಲ್ಲೇ ಮೇಡಂ ಗಕ್ಕನೆ ನಿಂತರು. ಕಿಟಕಿಯ ಪಕ್ಕ ಇರಬೇಕಾದ ಅವರ ಮೇಜು ಎದುರಿನ ಕತ್ತಲೆ ಮೂಲೆಯಲ್ಲಿತ್ತು. ಆ ಕಡೆ ಇರಬೇಕಾದ ಮಕ್ಕಳ ಮೇಜುಗಳೆಲ್ಲ ಕಿಟಕಿಗೆ ಬಂದು ಅಂಟಿಕೊಂಡಿದ್ದವು.

"ಆಯಮ್ಮ, ಎಲ್ಲಾ ತಲೆಕೆಳಗು ಮಾಡಿಟ್ಟಿದ್ದೀರಲ್ಲ!"

ಆಯಮ್ಮ ನಕ್ಷೆಯನ್ನು ಮುಖಕ್ಕೇ ಹಿಡಿದಳು. "ಎರಡು ಕಡೆನೂ ಒಂದೊಂದು ಬಾಗಿಲು, ಕಿಟಕಿ ಗುರುತೇ ಇಲ್ಲ. ನಡುವೆ ಬರೀ ಡಬ್ಬಿ ಡಬ್ಬಿ. ಯಾವ ಕಡೆ ತಲೆ, ಯಾವ ಕಡೆ ಕಾಲು ಅಂತ ನಂಗೇನು ಕನಸು ಬೀಳುತ್ತಾ?"

ಮೇಡಂ ನೋಡಿದರು. ಹಾಳೆಯ ಮೇಲ್ತುದಿಯೇ ಉತ್ತರ ದಿಕ್ಕು ಎಂದು ತೋರಿಸುವ ಬಾಣವನ್ನೇ ಹಾಕಿರಲಿಲ್ಲ. ಅದನ್ನು ಮರೆತ ಏಳು ಮಕ್ಕಳಿಗೆ ನಿನ್ನೆಯಷ್ಟೇ ಎರಡೆರಡು ಅಂಕ ಕತ್ತರಿಸಿದ್ದರು.

ಮೇಜು ತಿರುಗಿಸಲು ಹೊತ್ತಿರಲಿಲ್ಲ. ಮುಖ್ಯಸ್ಥರು ಬಂದು ಕೂತೇಬಿಟ್ಟರು.

ಮೂಲೆಯಿಂದ ಯಾರ ಹಾಳೆಯೂ ಕಾಣಿಸದೆ ಮೇಡಂ ಎದ್ದರು, ಮೇಜಿನಿಂದ ಮೇಜಿಗೆ ಸುತ್ತತೊಡಗಿದರು. ಹಾಳೆಗಳ ಮೇಲೆ ಒಳ್ಳೆ ಬೆಳಕಿತ್ತು. ಗೆಳೆಯರೆಲ್ಲ ಮೌನಗೌರಿ ಎಂದು ಕರೆಯುವ ಹುಡುಗಿ ಪಕ್ಕದವನ ಹಾಳೆಗೆ ಬಗ್ಗಿ, "ಮೇಡಂ, ಇವನ ಅಡುಗೆಮನೇಲಿ ಫ್ರಿಜ್ ಬಾಗಿಲು ತೆಗೀಬೇಕಂದ್ರೆ ಅಡುಗೆ ಮಾಡೋರು ಆಚೆ ಹೋಗ್ಬೇಕು!" ಎಂದಳು.

"ನಿನ್ನ ಬಚ್ಚಲಲ್ಲಿ ಬಾಗಿಲೇ ಇಲ್ಲ, ಅದು ನೋಡ್ಕೋ!"

ಕೋಣೆ ಘೊಳ್ಳೆಂದಿತು. ಅಳತೆ ಟೇಪುಗಳು ಹೊರಬಂದವು, ವಾದ ಹತ್ತಿಕೊಂಡಿತು. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ.

ಮುಖ್ಯಸ್ಥರು ತಲೆದೂಗಿದರು. "ನಿಮ್ಮ ಮೇಜನ್ನೇ ಮೂಲೆಗೆ ತಳ್ಳಿಬಿಟ್ಟಿದ್ದೀರಿ! ಎಲ್ಲಿಂದ ಹೊಳೀತು ರೀ? ಬೆಂಚಿನ ಮಾತು ಬಿಡಿ. ಬಾಕಿ ಕೋಣೆಗಳಿಗೂ ಹೀಗೇ ಮಾಡಿಸೋಣ, ನಕ್ಷೆ ಕೊಡಿ."

ಮೇಡಂ ಬಾಯಿ ತೆರೆದರು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಆಯಮ್ಮ ಸೂರು ನೋಡತೊಡಗಿದಳು.

ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಮೇಡಂ ಅಲ್ಲೇ ತೀರ್ಮಾನಿಸಿದರು. "ಒಂದು ನಿಮಿಷ ಸರ್" ಎಂದು ಪೆನ್ಸಿಲ್ ತೆಗೆದು, ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನು ಅಚ್ಚುಕಟ್ಟಾಗಿ ಬರೆದರು, ಕೆಳಮುಖವಾಗಿ.