ಮುಖ ನೋಡದ ಸಾಕ್ಷಿ

ವಕೀಲ ಕ್ರಾಂತಿಕುಮಾರ ಒಂದು ಫೋಟೋ ತೆಗೆದು ಸಾಕ್ಷಿಕಟ್ಟೆಯ ಅಂಚಿಗೆ ಇಟ್ಟರು. ಯಾವುದೋ ಮದುವೆಯಲ್ಲಿ ನಾಲ್ವರು ಹೆಂಗಸರು ಊಟಕ್ಕೆ ಬಡಿಸುತ್ತಿದ್ದ ಫೋಟೋ.

"ಇವರಲ್ಲಿ ಸುಂದರಬಾಯಿ ಯಾರು? ತೋರಿಸಿ."

ಮುದುಕ ಶಾಂತಪ್ಪ ಅದನ್ನು ನೋಡದೆಯೇ ಬೋರಲು ಹಾಕಿದ. "ಆಗಾಂಗಿಲ್ರಿ. ಆಕಿ ಮಾರಿ ನಾ ಯಾವತ್ತೂ ನೋಡಿಲ್ಲ."

ಗಡಿಯೂರು ಜಹೀರಾಬಾದಿನ ಕೋರ್ಟಿನಲ್ಲಿ ವಕೀಲರು ತೆಲುಗಿನಲ್ಲಿ ಕೇಳುವುದು, ಸಾಕ್ಷಿ ಕನ್ನಡದಲ್ಲಿ ಹೇಳುವುದು ಯಾರಿಗೂ ತೊಡಕಲ್ಲ. ಆದರೆ ಈ ಮಾತು ಕೇಳಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಶಿವಕಾಂತಾ ಗಾಬರಿಯಿಂದ ಅರ್ಧಕ್ಕೆ ಎದ್ದಳು. ಸುಂದರಬಾಯಿ ಶಾಂತಪ್ಪನ ತಮ್ಮನ ಹೆಂಡತಿ. ಗಂಡ ಹೋದ, ಮಕ್ಕಳಿಲ್ಲ; ತಂಗಿಯ ಮಗಳು ಶಿವಕಾಂತಾಳನ್ನು ಸಾಕಿ, ಸಾಯುವ ಮುಂಚೆ ಇದ್ದೊಂದು ಮನೆಯನ್ನು ಅವಳಿಗೇ ಮೃತ್ಯುಪತ್ರ ಬರೆದಿಟ್ಟಿದ್ದಳು. ಆ ಮನೆಯ ಪಡಸಾಲೆಯಲ್ಲೇ ಶಿವಕಾಂತಾ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಾಳೆ. ಮೃತ್ಯುಪತ್ರಕ್ಕೆ ರುಜು ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ತೀರಿಕೊಂಡಿದ್ದ. ಉಳಿದವನು ಶಾಂತಪ್ಪ. ಅವನು ಎಡವಿದರೆ ಮನೆ ಹೋದಂತೆಯೇ.

ಆ ಕಾಗದ ಸುಳ್ಳೆಂದು ದಾವೆ ಹಾಕಿದವನು ಶಾಂತಪ್ಪನ ಕೊನೆಯ ತಮ್ಮ ಅಮರನಾಥ; ಕ್ರಾಂತಿಕುಮಾರ ಅವನ ವಕೀಲರು. ದಾವೆ ಗೆದ್ದರೆ ಅರ್ಧ ಮನೆ ಶಾಂತಪ್ಪನಿಗೇ ಬರುತ್ತಿತ್ತು. ಆದರೂ ಆತ ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ನಾರಾಯಣಖೇಡದ ಬಸ್ಸು ಹತ್ತಿ ಶಿವಕಾಂತಾಳ ಪರವಾಗಿ ಹೇಳಲು ಬಂದಿದ್ದ. ಕೆಲವರಿಗೆ ಲಾಭ ಮಾಡಿಕೊಳ್ಳುವುದು ಕೊನೆಗೂ ಬರುವುದಿಲ್ಲ.

"ಒಂದೇ ಮನೆಯಲ್ಲಿ ಇದ್ದು ಮುಖ ನೋಡಿಲ್ಲವೇ?"

"ನಾ ಹಿರಿ ಭಾವ ಅಲ್ರೀ. ಹೊಸ್ತಿಲದಾಗ ನಾ ಕೆಮ್ಮತಿದ್ದೆ, ಆಕಿ ಮಾರಿ ಮ್ಯಾಲ ಸೆರಗ ಎಳಕೊಂತಿದ್ಳು."

"ಸತ್ತಾಗಲೂ ನೋಡಲಿಲ್ಲವೇ?"

"ಮಣ್ಣಿಗಿ ಹೋಗಿದ್ದೆ. ದೂರ ನಿಂತು ಕೈ ಮುಗದೀನ್ರಿ."

ಇಂಥ ಪ್ರಶ್ನೆ ಯಾವ ಕಾನೂನು ಪುಸ್ತಕದಲ್ಲೂ ಸಿಗುವುದಲ್ಲ. ಹೇಳಿಕೊಟ್ಟವನು ಅಮರನಾಥನೇ. ಮೈದುನನಿಗೆ ಸೆರಗಿನ ಅಡ್ಡಿಯಿಲ್ಲ. ವೈನಿ, ವೈನಿ ಎನ್ನುತ್ತ ಅತ್ತಿಗೆಯ ಕೈತುತ್ತು ತಿಂದು, ಅವಳ ಬೆನ್ನಿಗೆ ಜೋತುಬಿದ್ದು ಬೆಳೆದ ಹುಡುಗ ಅವನು. ಅಣ್ಣ ಅವಳ ಮುಖ ಕಂಡಿಲ್ಲವೆಂಬುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಕ್ರಾಂತಿಕುಮಾರ ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು. ಗೆಲ್ಲುವ ಹುರುಪಿನಲ್ಲಿ ಇನ್ನೊಂದು ಕೇಳಿದರು. "ಹಾಗಾದರೆ ಮುಖ ಮುಚ್ಚಿಕೊಂಡು ಹೆಬ್ಬೆಟ್ಟು ಒತ್ತಿದವಳು ಸುಂದರಬಾಯಿಯೇ ಎಂದು ಹೇಗೆ ಹೇಳುತ್ತೀರಿ?"

"ಕೈ ನೋಡೀನಲ್ರಿ," ಎಂದ ಶಾಂತಪ್ಪ, ಇಷ್ಟೂ ತಿಳಿಯದೇ ಎನ್ನುವಂತೆ. "ಆಯುಷ್ಯೆಲ್ಲ ಆ ಕೈಲೆ ಉಂಡೀನಿ. ರೊಟ್ಟಿ ಬೇಕೇನಂತ ಬಾಯಿಲೆ ಕೇಳತಿದ್ದಿಲ್ಲ, ಬಳಿ ಸಪ್ಪಳ ಮಾಡತಿದ್ಳು. ಮುಂಗೈ ಮ್ಯಾಲ ಬಿಲ್ವಪತ್ರಿ ಹಚ್ಚಿ ಹಾಕಿಸಿದ್ಳು. ಕಿರಿಬೆರಳ ಸೊಟ್ಟ ಇತ್ತು."

"ಬೆರಳು ಯಾರದಾದರೂ ಸೊಟ್ಟ ಇರಬಹುದು."

ಶಾಂತಪ್ಪ ತಮ್ಮನತ್ತ ಒಮ್ಮೆ ನೋಡಿದ. ಹೇಳಲೋ ಬೇಡವೋ ಎಂದು ತಡೆದ. "ಪ್ರಮಾಣ ಮಾಡೀನಿ, ಅದಕ ಹೇಳ್ತೀನ್ರಿ. ನಮ್ಮ ಅಮರ ಸಣ್ಣಾವಿದ್ದಾಗ ಸಿಟ್ಟಿಗೆದ್ದು ದಢಕ್ಕನ ಬಾಗಲ ಹಾಕಿದ. ಆಕಿ ಬೆರಳ ಸಿಕ್ಕೊಂತು. ಅಪ್ಪ ಇವನಿಗಿ ಹೊಡೀತಾನಂತ ಆಕಿ ಬೀಸೂ ಕಲ್ಲಿಗಿ ಸಿಕ್ಕದ ಅಂದಳು. ನಾ ಅಂಗಳದಾಗ ಇದ್ದೆ."

ನ್ಯಾಯಾಧೀಶೆ ಬೋರಲು ಬಿದ್ದ ಫೋಟೋ ತರಿಸಿಕೊಂಡರು. ಅದನ್ನು ಎತ್ತುವಾಗ ಶಾಂತಪ್ಪ ಮುಖ ಆಚೆ ತಿರುಗಿಸಿದ. "ನಿಮ್ಮ ಪ್ರಕಾರ ಸುಂದರಬಾಯಿ ಯಾರು ವಕೀಲರೇ?" ಎಂದು ಕೇಳಿದರು. ಕ್ರಾಂತಿಕುಮಾರ ಸೌಟು ಹಿಡಿದಿದ್ದ ಮೂರನೆಯವಳನ್ನು ತೋರಿಸಿದರು. ಸೌಟಿನ ಮೇಲೆ ನಾಲ್ಕು ಬೆರಳು ಮಡಿಚಿದ್ದವು, ಕಿರಿಬೆರಳು ಮಾತ್ರ ಸೊಟ್ಟಗೆ ಹೊರಗೆ ಚಾಚಿತ್ತು. ನ್ಯಾಯಾಧೀಶೆ ಬರೆದುಕೊಂಡರು. ವಕೀಲರು ತಿರುಗಿ ನೋಡಿದರೆ ಅಮರನಾಥ ತಲೆ ಎತ್ತಲೇ ಇಲ್ಲ.

ಹೊರಗೆ ಬೇವಿನ ಮರದ ಕೆಳಗೆ ಶಿವಕಾಂತಾ ದೊಡ್ಡಪ್ಪ ಶಾಂತಪ್ಪನಿಗೆ ನೀರು ಕೊಡುತ್ತಿದ್ದಳು. ಅಮರನಾಥ ಬಂದು ನಿಂತ.

"ಅವತ್ತ ನೀ ನೋಡಿದ್ದಂತ ನನಗ ಗೊತ್ತಿದ್ದಿಲ್ಲ ಅಣ್ಣಾ. ಅಪ್ಪಗ ಯಾಕ ಹೇಳಿಲ್ಲ?"

"ಆಕಿ ಮುಚ್ಚಿಟ್ಟಿದ್ದು ನಾ ಯಾಕ ತೆಗೀಲಿ."

ಅಮರನಾಥ ಅವಳತ್ತ ತಿರುಗಿದ. "ಕೇಸ್ ವಾಪಸ್ ತಗೋತೀನವ್ವ ಶಿವಕಾಂತಾ," ಎಂದ. "ಮನಿ ನಿಂದೇ. ನನಗ ದಿನಾ ಎರಡು ರೊಟ್ಟಿ ಕಳಸು, ಸಾಕು." ಅವಳು ಅಳುತ್ತಲೇ ನಕ್ಕಳು. ಆಮೇಲೆ ಅವನು ಜೇಬಿನಿಂದ ಫೋನ್ ತೆಗೆದ. ಕೋರ್ಟಿಗೆ ಕೊಟ್ಟಿದ್ದ ಅದೇ ಫೋಟೋ ಅದರಲ್ಲಿತ್ತು. ಅಣ್ಣನ ಮುಂದೆ ಹಿಡಿದ.

"ಇನ್ನರೆ ಒಮ್ಮಿ ನೋಡಣ್ಣ. ವೈನಿ ಹೋಗಿ ವರ್ಷಾತು. ಈಗ ಯಾರೇನ್ ಅಂತಾರ?"

ಶಾಂತಪ್ಪನ ಕೈ ಫೋನಿನ ತನಕ ಹೋಯಿತು. ಆಸೆ ಇರಲಿಲ್ಲವೆಂದಲ್ಲ. ಆದರೆ ಅರ್ಧಕ್ಕೇ ಹಿಂದೆ ತೆಗೆದುಕೊಂಡ.

"ಬ್ಯಾಡಪ್ಪ," ಎಂದ. "ಈಗ ನಾ ಕೆಮ್ಮಿದ್ರ ಆಕಿಗಿ ಕೇಳಾಂಗಿಲ್ಲ."